ಯಂತ್ರಕ್ಕೆ ಮೊದಲು ಕ್ಯಾಸೆಟ್ಟು ಎಣಿಸು

ಎರಡು ಯಂತ್ರ ತೆಗೆದುಕೊಳ್ಳಬೇಡ ಮಾರಾಯ. ಉತ್ತರ ಮೊದಲೇ ಹೇಳಿಬಿಟ್ಟೆ. ಕಾರಣ ಬೇಕಾದರೆ ಮುಂದೆ ಓದು. ಖಾರ್ಘರಿನಲ್ಲಿ ಥಾಣೆ ಲೋಕಲ್ ಹತ್ತಿದರೆ ಐರೋಲಿ ಬರುವವರೆಗೆ ನಿನಗೆ ಹೇಗೂ ಮೊಬೈಲು ನೋಡುವುದೇ ಕೆಲಸ.

ಕಲ್ಯಾಣದ ಬಿಲ್ಡಿಂಗು ರಿಡೆವಲಪ್‌ಮೆಂಟಿಗೆ ಹೋಗುತ್ತಿರುವುದರಿಂದ ಅಕ್ಕನ ಮನೆ ಖಾಲಿ ಮಾಡುವಾಗ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಯಿತು, ಅದರಲ್ಲಿ ದೊಡ್ಡ ವಿಡಿಯೊ ಕ್ಯಾಸೆಟ್ಟು ಒಂದಿಷ್ಟು, ಸಣ್ಣವು ಒಂದಿಷ್ಟು, ಜೊತೆಗೆ ಒಂದು ರಾಶಿ ಸಿ.ಡಿ. ಸಿಕ್ಕಿವೆ ಎಂದೆ. ದೊಡ್ಡದಕ್ಕೆ ಒಂದು ಹಳೆಯ ವಿ.ಸಿ.ಆರ್., ಸಣ್ಣದಕ್ಕೆ ಒಂದು ಹಳೆಯ ಹ್ಯಾಂಡಿಕ್ಯಾಮ್ ಆನ್‌ಲೈನಿನಲ್ಲಿ ನೋಡಿಟ್ಟಿದ್ದೇನೆ, ಎರಡನ್ನೂ ತರಿಸಲೇ ಮಾವ ಎಂದು ಕೇಳಿದೆ. ಈ ಪ್ರಶ್ನೆ ನಮ್ಮ ಕಡೆಯ ಮನೆಗಳಿಗೆ ಹೊಸತಲ್ಲ. ಡೊಂಬಿವಲಿಗೆ ನಾನು ಬಂದ ಮೇಲೆ ಹತ್ತು-ಹನ್ನೆರಡು ವರ್ಷಕ್ಕೊಮ್ಮೆ ಇದು ಹೊಸ ಹೆಸರು ಹೊತ್ತು ಬಾಗಿಲಿಗೆ ಬಂದಿದೆ. ಪ್ರತಿ ಸಲವೂ ಎರಡು ಕಂಪನಿಗಳ ಜಗಳ, ನಡುವೆ ನಮ್ಮ ಬೋನಸ್ಸು.

ಮೊದಲನೆಯ ಜಗಳ ನಿನಗೆ ಗೊತ್ತಿರಲಿಕ್ಕಿಲ್ಲ. ಸೋನಿ 1975ರಲ್ಲಿ ಬೀಟಾಮ್ಯಾಕ್ಸ್ ತಂದಿತು, ಜೆ.ವಿ.ಸಿ. 1976ರಲ್ಲಿ ವಿ.ಎಚ್.ಎಸ್. ತಂದಿತು. ನಮ್ಮಲ್ಲಿಗೆ ಆ ಬಿಸಿ ತಟ್ಟಿದ್ದು 1982ರ ಏಷ್ಯಾಡ್ ಆದ ಮೇಲೆ. ಬಣ್ಣದ ಟಿ.ವಿ. ಬಂತು, ಅದರ ಬೆನ್ನಿಗೇ ಗಲ್ಫಿನಿಂದ ಬಂದವರ ಸಾಮಾನಿನಲ್ಲಿ ವಿ.ಸಿ.ಆರ್. ಬಂತು. ಚಿತ್ರ ಬೀಟಾದ್ದೇ ಚೆನ್ನ ಎಂದು ವಾದಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಇರಬಹುದು. ಆದರೆ ಡೊಂಬಿವಲಿಯಲ್ಲಿ ಯಾವುದು ಚೆನ್ನ ಎಂದು ಕೇಳಿ ಯಂತ್ರ ಕೊಂಡವರನ್ನು ನಾನು ಕಾಣೆ. ಗಲ್ಲಿಯ ವಿಡಿಯೊ ಲೈಬ್ರರಿಯವನ ಕಪಾಟಿನಲ್ಲಿ ಯಾವುದಿದೆ ಎಂದು ಮಾತ್ರ ನೋಡುತ್ತಿದ್ದರು.

ಆ ಲೈಬ್ರರಿಯವನ ಲೆಕ್ಕ ಬಹಳ ಸರಳ. ಒಂದೇ ಸಿನಿಮಾವನ್ನು ಎರಡು ತರಹದ ಕ್ಯಾಸೆಟ್ಟಿನಲ್ಲಿ ಇಟ್ಟರೆ ಬಂಡವಾಳ ಎರಡು ಪಟ್ಟು, ಬಾಡಿಗೆ ಮಾತ್ರ ಒಂದೇ ಪಟ್ಟು. ಹತ್ತಡಿ ಅಂಗಡಿಯಲ್ಲಿ ಎರಡು ಸಾಲು ಇಡಲು ಜಾಗವಾದರೂ ಎಲ್ಲಿ? ಹಾಗಾಗಿ ಅವನು ವಿ.ಎಚ್.ಎಸ್. ಇಟ್ಟ. ಅವನು ಇಟ್ಟದ್ದಕ್ಕೆ ಗಿರಾಕಿಗಳು ಅದೇ ಯಂತ್ರ ತಂದರು, ಗಿರಾಕಿಗಳ ಮನೆಯಲ್ಲಿ ಅದೇ ಇದೆ ಎಂದು ಪಕ್ಕದ ಗಲ್ಲಿಯವನೂ ಅದನ್ನೇ ಇಟ್ಟ. ಬೀಟಾದ ಮೊದಲ ಕ್ಯಾಸೆಟ್ಟು ಓಡುತ್ತಿದ್ದದ್ದು ಒಂದೇ ತಾಸು, ವಿ.ಎಚ್.ಎಸ್. ಎರಡು ತಾಸು. ನಮ್ಮ ಕಡೆ ಬರುತ್ತಿದ್ದ ಇ-180 ಕ್ಯಾಸೆಟ್ಟಿನಲ್ಲಿ ಮೂರು ತಾಸು, ಅಂದರೆ ಇಂಟರ್‌ವಲ್ ಸಮೇತ ಒಂದು ಇಡೀ ಸಿನಿಮಾ. ಬೀಟಾದಲ್ಲೂ ಉದ್ದದ ಕ್ಯಾಸೆಟ್ಟು ಬಂತು. ಅಷ್ಟರಲ್ಲಿ ಕಪಾಟು ತುಂಬಿತ್ತು. 1988ರಲ್ಲಿ ಸೋನಿಯೇ ವಿ.ಎಚ್.ಎಸ್. ಯಂತ್ರ ಮಾಡಲು ಹೊರಟಿತು ಎಂದ ಮೇಲೆ ವಾದ ಎಲ್ಲಿ ಉಳಿಯಿತು?

ಯಂತ್ರ ಕೊಂಡವರು ಕಡಿಮೆ, ಬಾಡಿಗೆಗೆ ತಂದವರೇ ಹೆಚ್ಚು, ಅದನ್ನೂ ಹೇಳಬೇಕು. ಶನಿವಾರ ಸಂಜೆ ಲೈಬ್ರರಿಯ ಹುಡುಗ ಸೈಕಲ್ಲಿನ ಕ್ಯಾರಿಯರಿಗೆ ವಿ.ಸಿ.ಆರ್. ಕಟ್ಟಿಕೊಂಡು ಬರುತ್ತಿದ್ದ, ಜೊತೆಗೆ ಮೂರು ಕ್ಯಾಸೆಟ್ಟು. ಮಜಲಿನ ನಾಲ್ಕು ಮನೆಯವರು ಸೇರಿ ದುಡ್ಡು ಕೊಡುವುದು, ಟಿ.ವಿ. ದೊಡ್ಡದಿದ್ದವರ ಮನೆಯಲ್ಲಿ ಚಾಪೆ ಹಾಸುವುದು. ಸತ್ಯನಾರಾಯಣ ಪೂಜೆಯ ರಾತ್ರಿ ಬಿಲ್ಡಿಂಗಿನ ಅಂಗಳದಲ್ಲೇ ಟಿ.ವಿ. ಇಟ್ಟು ಬೆಳಗಿನವರೆಗೆ ಸಿನಿಮಾ. ಎರಡು ಹಿಂದಿ, ಒಂದು ಮರಾಠಿ. ಕನ್ನಡದ್ದು ಹಾಕಿ ಎಂದು ನಾವು ಕೇಳುತ್ತಿದ್ದೆವು, ಅವರು ಹಾಕುತ್ತಿರಲಿಲ್ಲ. ಹಾಕಲು ಅವರ ಹತ್ತಿರ ಇರಲೂ ಇಲ್ಲ.

ಇಲ್ಲಿಯೇ ನೋಡು ನಮ್ಮಂಥವರ ಲೆಕ್ಕ ಬೇರೆಯವರದಕ್ಕಿಂತ ಬೇರೆಯಾಗುವುದು. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಸಿನಿಮಾ ಬರುತ್ತಿತ್ತು; ಎಲ್ಲ ಭಾಷೆಗಳ ಸರದಿ ಮುಗಿದು ಕನ್ನಡ ಬರುವಷ್ಟರಲ್ಲಿ ಹಬ್ಬ ಬಂದು ಹೋಗಿರುತ್ತಿತ್ತು. ಬಂದರೂ ಪ್ರಶಸ್ತಿ ಪಡೆದ ಚಿತ್ರವೇ ಹೊರತು ಅಜ್ಜಿ ಕೇಳಿದ ರಾಜಕುಮಾರ್ ಚಿತ್ರವಲ್ಲ. ಉದಯ ಟಿ.ವಿ. ಶುರುವಾದದ್ದೇ 1994ರಲ್ಲಿ. ಅಲ್ಲಿಯವರೆಗೆ ಡೊಂಬಿವಲಿಯ ಕನ್ನಡ ಮನೆಗೆ ಕನ್ನಡ ಸಿನಿಮಾ ಬರಬೇಕಾದರೆ ಊರಿಂದಲೇ ಬರಬೇಕು. ಮಂಗಳೂರು-ಮುಂಬಯಿ ವಿಡಿಯೊ ಕೋಚ್ ಬಸ್ಸುಗಳಲ್ಲಿ ರಾತ್ರಿಯಿಡೀ ವಿ.ಎಚ್.ಎಸ್. ಓಡುತ್ತಿತ್ತು. ಊರಿಗೆ ಹೋದವರು ಬರುವಾಗ ಹಪ್ಪಳ, ಕುಚ್ಚಲಕ್ಕಿಯ ಜೊತೆ ಎರಡು ಕ್ಯಾಸೆಟ್ಟೂ ತರುತ್ತಿದ್ದರು. ಊರಿನ ಅಂಗಡಿಯಲ್ಲಿ ಸಿಗುತ್ತಿದ್ದದ್ದು ವಿ.ಎಚ್.ಎಸ್. ಒಂದೇ. ಮನೆಯಲ್ಲಿ ಬೀಟಾ ಇಟ್ಟುಕೊಂಡವನಿಗೆ ಜಗತ್ತಿನ ಅತಿ ಒಳ್ಳೆಯ ಚಿತ್ರ ಸಿಗುತ್ತಿತ್ತೋ ಏನೋ, ಯಕ್ಷಗಾನ ಮಾತ್ರ ಸಿಗುತ್ತಿರಲಿಲ್ಲ.

ಎರಡನೆಯದು ಜಗಳವೇ ಅಲ್ಲ, ಆದರೂ ಜನ ತಲೆ ಕೆಡಿಸಿಕೊಂಡರು. 1993ರಲ್ಲಿ ವಿ.ಸಿ.ಡಿ. ಬಂತು, 1996ರ ಕೊನೆಗೆ ಜಪಾನಿನಲ್ಲಿ ಡಿ.ವಿ.ಡಿ. ಒಂದು ವಿ.ಸಿ.ಡಿ.ಯಲ್ಲಿ ಹಿಡಿಸುವುದು 74 ನಿಮಿಷ. ಹಾಗಾಗಿ ಒಂದು ಸಿನಿಮಾಕ್ಕೆ ಎರಡು, ಉದ್ದದ್ದಾದರೆ ಮೂರು ಡಿಸ್ಕು. ನಾಯಕಿ ಅಳಲು ಶುರು ಮಾಡುವ ಹೊತ್ತಿಗೆ ಸರಿಯಾಗಿ ಎದ್ದು ಹೋಗಿ ಡಿಸ್ಕು ಬದಲಾಯಿಸಬೇಕು. ಚಿತ್ರವೂ ಹೆಚ್ಚುಕಮ್ಮಿ ವಿ.ಎಚ್.ಎಸ್. ಮಟ್ಟದ್ದೇ, ಮಳೆಯ ದೃಶ್ಯ ಬಂದರೆ ಚೌಕ ಚೌಕವಾಗಿ ಒಡೆಯುತ್ತಿತ್ತು. ಡಿ.ವಿ.ಡಿ. ಎಲ್ಲದರಲ್ಲೂ ಮೇಲು. ಆದರೆ ಮನೀಶ್ ಮಾರ್ಕೆಟ್ಟಿನಲ್ಲಿ ವಿ.ಸಿ.ಡಿ. ಪ್ಲೇಯರು ಅಗ್ಗ, ಊರಿನಲ್ಲಿ ಕನ್ನಡ ಸಿನಿಮಾ, ತುಳು ನಾಟಕ, ತಾಳಮದ್ದಳೆ ಎಲ್ಲ ಸಿಗುವುದು ವಿ.ಸಿ.ಡಿ.ಯಲ್ಲೇ. 1998ರಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಶುರುವಾದ ಮೇಲೆ ಥಾಣೆಯಲ್ಲಿ, ಪನ್ವೇಲಿನಲ್ಲಿ ಇಳಿಯುವ ಪ್ರತಿ ಎರಡನೆಯ ಚೀಲದಲ್ಲೂ ಅವು ಇರುತ್ತಿದ್ದವು.

ಆಗ ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ: ಡಿ.ವಿ.ಡಿ. ಪ್ಲೇಯರು ತೆಗೆದುಕೊಳ್ಳಿ, ಅದರಲ್ಲಿ ವಿ.ಸಿ.ಡಿ.ಯೂ ಓಡುತ್ತದೆ. ಹೊಸ ಯಂತ್ರ ಹಳೆಯ ಡಿಸ್ಕನ್ನೂ ಓಡಿಸುವುದಾದರೆ ಅಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿ.ಸಿ.ಡಿ. 28 ರೂಪಾಯಿಗೆ, ಡಿ.ವಿ.ಡಿ. 34 ರೂಪಾಯಿಗೆ ಮಾರಲು ಶುರು ಮಾಡಿದಾಗ ಆರು ರೂಪಾಯಿಯ ವ್ಯತ್ಯಾಸಕ್ಕೆ ಯಾರಾದರೂ ವಿ.ಸಿ.ಡಿ. ಕೊಳ್ಳುತ್ತಾರೆಯೇ ಎಂದುಕೊಂಡೆ. ಕೊಂಡರು. ಮನೆಯಲ್ಲಿ ವಿ.ಸಿ.ಡಿ. ಪ್ಲೇಯರು ಇದ್ದವರಿಗೆ ಆರಲ್ಲ, ಸಾವಿರಗಳ ವ್ಯತ್ಯಾಸ.

ಮೂರನೆಯದು ನಿನ್ನದೇ ಕಾಲದ್ದು, ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 2006ರಲ್ಲಿ ತೋಷಿಬಾದವರ ಎಚ್.ಡಿ. ಡಿ.ವಿ.ಡಿ., ಅದರ ಬೆನ್ನಿಗೆ ಸೋನಿ, ಪ್ಯಾನಾಸೋನಿಕ್, ಫಿಲಿಪ್ಸ್ ಗುಂಪಿನ ಬ್ಲೂ-ರೇ. ಎರಡೂ ಅದೇ ಅಳತೆಯ ಡಿಸ್ಕು, ಎರಡರೊಳಗೂ ನೀಲಿ-ನೇರಳೆ ಲೇಸರು. ಡಿ.ವಿ.ಡಿ.ಯ ಕೆಂಪು ಲೇಸರಿಗಿಂತ ಅದರ ತರಂಗ ಚಿಕ್ಕದು, ಹಾಗಾಗಿ ಗೆರೆಗಳನ್ನು ಒತ್ತೊತ್ತಾಗಿ ಬರೆಯಬಹುದು, ಡಿ.ವಿ.ಡಿ.ಯ ಒಂದು ಪದರದಲ್ಲಿ 4.7 ಜಿ.ಬಿ. ಹಿಡಿಸಿದರೆ ಎಚ್.ಡಿ. ಡಿ.ವಿ.ಡಿ.ಯಲ್ಲಿ 15, ಬ್ಲೂ-ರೇಯಲ್ಲಿ 25. ಎರಡೂ ಹಳೆಯ ಡಿ.ವಿ.ಡಿ. ಓಡಿಸುತ್ತವೆ, ಒಂದರ ಡಿಸ್ಕು ಇನ್ನೊಂದರಲ್ಲಿ ಮಾತ್ರ ಓಡುವುದಿಲ್ಲ. ತಮಾಷೆಯೆಂದರೆ ಡಿ.ವಿ.ಡಿ. ಹುಟ್ಟುವ ಮುಂಚೆ, 1995ರಲ್ಲಿ, ಇದೇ ಸೋನಿ-ಫಿಲಿಪ್ಸ್ ಒಂದು ಕಡೆ, ತೋಷಿಬಾ ಒಂದು ಕಡೆ ನಿಂತು ಜಗಳಕ್ಕೆ ಇಳಿದಿದ್ದವು. ಆಗ ಐ.ಬಿ.ಎಂ.ನಂಥ ಕಂಪ್ಯೂಟರ್ ಕಂಪನಿಗಳು ಗದರಿಸಿ ರಾಜಿ ಮಾಡಿಸಿದ್ದವು. ಈ ಸಲ ಗದರಿಸುವವರು ಯಾರೂ ಬರಲಿಲ್ಲ.

2007ರ ದೀಪಾವಳಿಗೆ ನಮ್ಮ ಬಿಲ್ಡಿಂಗಿನ ಹುಡುಗನೊಬ್ಬ, ಮಹಾಪೆಯಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು, ಯಾವುದು ತೆಗೆದುಕೊಳ್ಳಲಿ ಅಂಕಲ್ ಎಂದು ಕೇಳಿಕೊಂಡು ಬಂದ. ಆ ನವೆಂಬರಿನಲ್ಲಿ ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳು ಎಚ್.ಡಿ. ಡಿ.ವಿ.ಡಿ. ಯಂತ್ರವನ್ನು ನೂರು ಡಾಲರಿಗೂ ಕಡಿಮೆಗೆ ಕೊಟ್ಟಿದ್ದವು. ಅವನ ಅಣ್ಣ ನ್ಯೂಜೆರ್ಸಿಯಲ್ಲಿದ್ದ, ತಂದುಕೊಡುತ್ತೇನೆ ಎಂದಿದ್ದ. ಇತ್ತ ಬ್ಲೂ-ರೇ ಬೇಕೆಂದರೆ ಪ್ಲೇಸ್ಟೇಷನ್ 3, ಅದು ಇಲ್ಲಿ ಸುಮಾರು ನಲವತ್ತು ಸಾವಿರ. ಎರಡೂ ಓಡಿಸುವ ಒಂದು ಯಂತ್ರವನ್ನು ಎಲ್.ಜಿ. ಆ ವರ್ಷವೇ ತಂದಿತ್ತು, ಅಮೆರಿಕದಲ್ಲಿ ಅದರ ಬೆಲೆ ಸಾವಿರದ ಇನ್ನೂರು ಡಾಲರ್. ಅದಾದರೆ ಹೇಗೆ, ಯಾರು ಗೆದ್ದರೂ ನಮಗೆ ನಷ್ಟವಿಲ್ಲ ಎಂದ. ಮೇಲ್ನೋಟಕ್ಕೆ ಜಾಣತನದ ಮಾತು. ಆದರೆ ಇಬ್ಬರಲ್ಲಿ ಒಬ್ಬ ಸೋಲುವುದು ಖಂಡಿತ ಎಂದು ಗೊತ್ತಿದ್ದೂ ಇಬ್ಬರಿಗೂ ದುಡ್ಡು ಕೊಡುವುದು ಅದು.

ನಾನು ಅವನನ್ನು ಎರಡೇ ಮಾತು ಕೇಳಿದೆ. ನಿಮ್ಮ ಟಿ.ವಿ. ಯಾವುದು? 29 ಇಂಚಿನ ಫ್ಲಾಟ್, ಅಂದರೆ ಹಿಂದೆ ಡುಬ್ಬವಿರುವ ಗಾಜಿನ ಟ್ಯೂಬಿನದು. ಅದರಲ್ಲಿ ಡಿ.ವಿ.ಡಿ. ಹಾಕಿದರೂ ಅಷ್ಟೇ, ಬ್ಲೂ-ರೇ ಹಾಕಿದರೂ ಅಷ್ಟೇ. 576 ಗೆರೆಗಿಂತ ಹೆಚ್ಚು ತೋರಿಸುವ ತಾಕತ್ತು ಅದಕ್ಕಿಲ್ಲ. ನೀನು ಈ ವರ್ಷ ನೋಡಬೇಕೆಂದಿರುವ ಸಿನಿಮಾ ಯಾವುವು? 'ಮುಂಗಾರು ಮಳೆ' ಎಂದ, ಇನ್ನೂ ಎರಡು ಹಿಂದಿ ಹೆಸರು ಹೇಳಿದ. ಹಾಗಾದರೆ ಹೋಗಿ ಒಂದು ಒಳ್ಳೆಯ ಡಿ.ವಿ.ಡಿ. ಪ್ಲೇಯರು ತಾ, ಉಳಿದ ದುಡ್ಡು ಅಮ್ಮನ ಕೈಗೆ ಕೊಡು ಎಂದೆ. ಅಮ್ಮನಿಗೆ ಕೊಟ್ಟನೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಜಗಳ ಮುಗಿದದ್ದು ಯಾರೂ ಎಣಿಸದಷ್ಟು ಬೇಗ. 2007ರ ಆಗಸ್ಟಿನಲ್ಲಿ ಪ್ಯಾರಾಮೌಂಟ್ ಸ್ಟುಡಿಯೊ ಎಚ್.ಡಿ. ಡಿ.ವಿ.ಡಿ. ಪಕ್ಷ ಸೇರಿತ್ತು, ಆ ಕಡೆ ತಕ್ಕಡಿ ವಾಲಿತು ಎಂದು ಎಲ್ಲ ಬರೆದರು. 2008ರ ಜನವರಿ 4ರಂದು ವಾರ್ನರ್ ಬ್ರದರ್ಸ್ ಇನ್ನು ಮುಂದೆ ಬ್ಲೂ-ರೇ ಮಾತ್ರ ಎಂದು ಘೋಷಿಸಿತು. ಲಾಸ್ ವೇಗಸ್ಸಿನ ದೊಡ್ಡ ಮೇಳ ಶುರುವಾಗುವುದಿತ್ತು, ಎಚ್.ಡಿ. ಡಿ.ವಿ.ಡಿ.ಯವರು ತಮ್ಮ ಪತ್ರಿಕಾಗೋಷ್ಠಿಯನ್ನೇ ರದ್ದು ಮಾಡಿದರು. ಫೆಬ್ರವರಿ 19ಕ್ಕೆ ತೋಷಿಬಾ ಕೈಯೆತ್ತಿತು. ನೋಡು, ಇಲ್ಲೂ ಕಪಾಟಿನ ಲೆಕ್ಕವೇ. ಲೇಸರಿನ ಗುಣ ನೋಡಿ ಯಾರೂ ತೀರ್ಪು ಕೊಡಲಿಲ್ಲ. ಒಂದು ಸ್ಟುಡಿಯೊ ತನ್ನ ಸಿನಿಮಾಗಳನ್ನು ಒಂದು ಕಡೆಯ ಕಪಾಟಿನಿಂದ ತೆಗೆದು ಇನ್ನೊಂದು ಕಡೆ ಇಟ್ಟಿತು, ಅಂಗಡಿಗಳು ಹಿಂದೆಯೇ ಹೋದವು.

ಗೆದ್ದ ಬ್ಲೂ-ರೇಯಿಂದ ನಮಗಾದ ಲಾಭವಾದರೂ ಏನು? ಕನ್ನಡ ಸಿನಿಮಾ ಬ್ಲೂ-ರೇಗೆ ಬಂದದ್ದು ತೀರ ಕಡಿಮೆ. ಅಂಗಡಿಯಲ್ಲಿ ಒಂದು ಮೂಲೆ ಮಾಡಿದರು, ಕೆಲವು ವರ್ಷದಲ್ಲಿ ಆ ಮೂಲೆಯಲ್ಲಿ ಮೊಬೈಲ್ ಕವರು ನೇತಾಡತೊಡಗಿತು. ಜನ ನೇರವಾಗಿ ಇಂಟರ್‌ನೆಟ್ಟಿಗೆ ಜಿಗಿದರು. ಮೋಸರ್ ಬೇರ್ ಕೂಡ 2018ರಲ್ಲಿ ದಿವಾಳಿಯಾಯಿತು. ಸ್ಯಾಮ್‌ಸಂಗ್ 2019ರಲ್ಲಿ ಹೊಸ ಬ್ಲೂ-ರೇ ಯಂತ್ರ ತರುವುದಿಲ್ಲ ಎಂದಿತು, 2024ರಲ್ಲಿ ಎಲ್.ಜಿ.ಯೂ ನಿಲ್ಲಿಸಿತು. ಆದ್ದರಿಂದ ಹೊಸ ಮನೆಯ ದೊಡ್ಡ ಟಿ.ವಿ.ಗೆ ಒಂದು ಬ್ಲೂ-ರೇ ಇರಲಿ ಎಂದು ನಿನಗೆ ಅನಿಸಿದರೆ, ಮೊದಲು ನಿನ್ನ ಕೈಯಲ್ಲಿ ಎಷ್ಟು ಬ್ಲೂ-ರೇ ಡಿಸ್ಕು ಇವೆ ಎಂದು ಹೇಳು. ಒಂದೂ ಇಲ್ಲವಾದರೆ ಮಾತು ಮುಗಿಯಿತು. ಅಮೆರಿಕದಿಂದ ಯಾರಾದರೂ ಯಂತ್ರ ತರುತ್ತೇನೆ ಎಂದರೂ ಬೇಡ ಎನ್ನು. ಅಲ್ಲಿನ ಬ್ಲೂ-ರೇಗೆ ಎ ವಲಯ, ನಮ್ಮದು ಸಿ, ಡಿ.ವಿ.ಡಿ.ಯಲ್ಲಿ ಅವರದು 1, ನಮ್ಮದು 5. ಇಲ್ಲಿನ ಅಂಗಡಿ ಡಿಸ್ಕು ಹಾಕಿದರೆ ವಲಯ ಸರಿಯಿಲ್ಲ ಎಂದು ಉಗುಳಬಹುದು. ಅದರ ಕರೆಂಟೂ 110 ವೋಲ್ಟಿನದಾಗಿದ್ದರೆ ಕತೆ ಪ್ಲಗ್ಗಿನಲ್ಲೇ ಮುಗಿಯುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಾಯುವ ಬುದ್ಧಿ. ಸಿನಿಮಾ ಕೊಳ್ಳುವ ವಿಷಯದಲ್ಲಿ ಕಾದವನು ಕಳೆದುಕೊಂಡದ್ದಿಲ್ಲ. ಇವತ್ತು ಸಿಗದ ಹಳೆಯ ಕನ್ನಡ ಚಿತ್ರ ನಾಳೆ ಯೂಟ್ಯೂಬಿಗೆ ಬರುತ್ತದೆ. ಆದರೆ ನಿನ್ನ ಪೆಟ್ಟಿಗೆಯ ವಿಷಯ ತದ್ವಿರುದ್ಧ. ಅಕ್ಕನ ಮದುವೆ ನಾಳೆ ಯೂಟ್ಯೂಬಿಗೆ ಬರುವುದಿಲ್ಲ. ಅದು ಜಗತ್ತಿನಲ್ಲಿ ಇರುವುದು ಒಂದೇ ಪ್ರತಿ, ಅದೂ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಪುಡಿಯಲ್ಲಿ. ಸೋನಿ ಬೀಟಾ ಯಂತ್ರ ಮಾಡುವುದನ್ನು 2002ರಲ್ಲೇ ನಿಲ್ಲಿಸಿತು. ವಿ.ಎಚ್.ಎಸ್. ಗೆದ್ದಿತಲ್ಲ, ಅದರ ಯಂತ್ರ ಮಾಡುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೈಬಿಟ್ಟಿತು. ಈಗ ಮಾರಾಟಕ್ಕೆ ಇರುವ ಪ್ರತಿಯೊಂದು ವಿ.ಸಿ.ಆರ್. ಕೂಡ ಯಾರದೋ ಮನೆಯಲ್ಲಿ ಸವೆದದ್ದೇ. ಇಲ್ಲಿ ಕಾಯಬಾರದು, ಹಾಗೆಂದು ಕಂಡದ್ದನ್ನು ಕೊಳ್ಳಲೂಬಾರದು.

ಮೊದಲು ಆ ಪೆಟ್ಟಿಗೆಯನ್ನು ನೆಲದ ಮೇಲೆ ಸುರಿದು ವಿಂಗಡಿಸು. ದೊಡ್ಡವು ವಿ.ಎಚ್.ಎಸ್., ಅದರಲ್ಲಿ ಸಂಶಯವಿಲ್ಲ. ಸಣ್ಣವನ್ನು ಮಾತ್ರ ಜಾಗ್ರತೆಯಾಗಿ ನೋಡು, ಎಲ್ಲ ಸಣ್ಣವೂ ಒಂದೇ ಅಲ್ಲ. ಜೆ.ವಿ.ಸಿ.ಯವರು 1982ರಲ್ಲಿ ವಿ.ಎಚ್.ಎಸ್.-ಸಿ ಎಂದು ತಂದರು: ಒಳಗಿನ ಟೇಪು ವಿ.ಎಚ್.ಎಸ್.ದೇ, ಅರ್ಧ ಇಂಚು ಅಗಲ, ಡಬ್ಬಿ ಮಾತ್ರ ಚಿಕ್ಕದು. ಅದಕ್ಕೆ ಬೇರೆ ಯಂತ್ರ ಬೇಡವೇ ಬೇಡ. ದೊಡ್ಡ ಕ್ಯಾಸೆಟ್ಟಿನ ಆಕಾರದ ಒಂದು ಅಡಾಪ್ಟರು ಸಿಗುತ್ತದೆ, ಅದರೊಳಗೆ ಇದನ್ನು ಕೂರಿಸಿ ವಿ.ಸಿ.ಆರ್.ಗೆ ಹಾಕಿದರಾಯಿತು. ಸೋನಿಯವರು 1985ರಲ್ಲಿ ಅದಕ್ಕೆ ಎದುರಾಗಿ ವಿಡಿಯೊ-8 ತಂದರು, ಟೇಪಿನ ಅಗಲ ಎಂಟು ಮಿಲಿಮೀಟರ್. ಭಾವ ಬಹ್ರೈನಿನಿಂದ ತಂದ ಹ್ಯಾಂಡಿಕ್ಯಾಮು ಈ ಜಾತಿಯದು. ಇದಕ್ಕೆ ಅಡಾಪ್ಟರು ಇಲ್ಲ. ಇದೆ, ವಿ.ಸಿ.ಆರ್.ನಲ್ಲೇ ಹಾಕಬಹುದು ಎಂದು ಯಾರಾದರೂ ಮಾರಲು ಬಂದರೆ ಚಹಾ ಕೊಟ್ಟು ಕಳಿಸು. ಟೇಪಿನ ಅಗಲವೇ ಬೇರೆ, ಹೇಗೆ ಓಡೀತು? ನೀನು ನೋಡಿಟ್ಟಿರುವ ಹ್ಯಾಂಡಿಕ್ಯಾಮು ಯಾವ ಜಾತಿಯದು ಎಂದೂ ಕೇಳು. ಮಿನಿ ಡಿ.ವಿ.ಯದಾದರೆ ಈ ಕ್ಯಾಸೆಟ್ಟು ಅದರೊಳಗೆ ಕೂರುವುದೇ ಇಲ್ಲ.

ವಿಂಗಡಿಸಿದ ಮೇಲೆ ಲೇಬಲ್ಲು ಓದು. ಟಿ.ವಿ.ಯಿಂದ ರೆಕಾರ್ಡು ಮಾಡಿಟ್ಟ ಸಿನಿಮಾ, ಕ್ರಿಕೆಟ್ಟು, ಹಾಡು, ಇವನ್ನೆಲ್ಲ ಒಂದು ಕಡೆ ಸರಿಸು. ಅವಕ್ಕೆ ಒಂದು ರೂಪಾಯಿಯೂ ಖರ್ಚು ಮಾಡಬೇಡ. ಉಳಿಯುವುದೇನು? ಅಕ್ಕನ ಮದುವೆ, ನಿನ್ನ ಉಪನಯನ, ಡೊಂಬಿವಲಿ ಕರ್ನಾಟಕ ಸಂಘದ ರಾಜ್ಯೋತ್ಸವದಲ್ಲಿ ನೀನು ಕಿತ್ತೂರು ಚೆನ್ನಮ್ಮನ ನಾಟಕದಲ್ಲಿ ಸಿಪಾಯಿಯಾಗಿ ನಿಂತಿದ್ದು, ಮಂಜುನಾಥ ವಿದ್ಯಾಲಯದ ವಾರ್ಷಿಕೋತ್ಸವ. ನನ್ನ ಅಂದಾಜಿನಲ್ಲಿ ಐದಾರು ಕ್ಯಾಸೆಟ್ಟಿಗಿಂತ ಹೆಚ್ಚಿರಲಿಕ್ಕಿಲ್ಲ. ಐದಾರು ಕ್ಯಾಸೆಟ್ಟನ್ನು ಒಂದು ಸಲ ಓಡಿಸಿ ಕಂಪ್ಯೂಟರಿಗೆ ಇಳಿಸುವುದಕ್ಕೆ ಎರಡು ಯಂತ್ರವೇ? ಲೇಬಲ್ಲು ಇಲ್ಲದವನ್ನು ಮಾತ್ರ ಎಸೆಯಬೇಡ. ನಮ್ಮ ಮನೆಗಳಲ್ಲಿ ಮುಖ್ಯವಾದದ್ದಕ್ಕೇ ಲೇಬಲ್ಲು ಅಂಟಿಸುವುದಿಲ್ಲ, ಎಲ್ಲರಿಗೂ ಗೊತ್ತಿದೆಯಲ್ಲ ಎಂದು.

ಕ್ಯಾಸೆಟ್ಟಿನ ಮೇಲಿನ ಪಾರದರ್ಶಕ ಕಿಟಕಿಯಿಂದ ಸುತ್ತಿದ ಟೇಪನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡು. ಕಪ್ಪಗೆ, ನುಣ್ಣಗೆ ಹೊಳೆಯಬೇಕು. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು. ನಮ್ಮ ಈ ಉಲ್ಲಾಸ್ ನದಿಯ, ಖಾಡಿಯ ದಡದ ಊರುಗಳಲ್ಲಿ ನಾಲ್ಕು ತಿಂಗಳ ಮಳೆಗೆ ಬಟ್ಟೆಯೇ ಒಣಗುವುದಿಲ್ಲ, ಟೇಪು ಯಾವ ಲೆಕ್ಕ? 2005ರ ಜುಲೈ 26ರ ನೆರೆಯಲ್ಲಿ ಕಲ್ಯಾಣ-ಡೊಂಬಿವಲಿಯ ಎಷ್ಟೋ ನೆಲ ಅಂತಸ್ತಿನ ಮನೆಗಳ ಆಲ್ಬಮ್ಮು, ಕ್ಯಾಸೆಟ್ಟುಗಳು ಕೆಸರಿನ ಜೊತೆ ಹೋದವು. ಅಕ್ಕನ ಮನೆ ಮೂರನೆಯ ಮಾಳಿಗೆಯಾದದ್ದರಿಂದ ಇವು ಉಳಿದಿವೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಲೇಬಾರದು. ವಿ.ಸಿ.ಆರ್.ನ ಒಳಗೆ ಆರು ಸೆಂಟಿಮೀಟರು ಅಗಲದ ಒಂದು ಹೊಳೆಯುವ ಡ್ರಮ್ಮು ಓರೆಯಾಗಿ ಕೂತು ನಿಮಿಷಕ್ಕೆ 1500 ಸುತ್ತು ತಿರುಗುತ್ತಿರುತ್ತದೆ. ಟೇಪು ಅದಕ್ಕೆ ಅಪ್ಪಿಕೊಂಡು ಜಾರುತ್ತದೆ. ಚಿತ್ರ ಓದುವ ಹೆಡ್ಡುಗಳು ಡ್ರಮ್ಮಿನ ಅಂಚಿನಲ್ಲಿರುವ ಕೂದಲೆಳೆಯಂಥ ಚೂರುಗಳು. ಬೂಷ್ಟಿನ ಪುಡಿ ಅಲ್ಲಿ ಕೂತರೆ ತೆರೆಯ ಮೇಲೆ ಬರೀ ಚುಕ್ಕಿ. ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಅದೇ ಪುಡಿ ಮೆತ್ತುತ್ತದೆ. ಆ ಕಾಲದಲ್ಲಿ ನಾವು ಹೊಸ ನೋಟಿನಿಂದ ಹೆಡ್ಡು ಒರೆಸುತ್ತಿದ್ದೆವು. ನೀನು ಹಾಗೆ ಮಾಡಬೇಡ. ಅಂಥ ಕ್ಯಾಸೆಟ್ಟನ್ನು ಬೇರೆ ಚೀಲದಲ್ಲಿ ಕಟ್ಟಿಟ್ಟು, ತೊಳೆಯಲು ಗೊತ್ತಿರುವವರ ಕೈಗೇ ಕೊಡು.

ಥಾಣೆಯಲ್ಲಿ, ಡೊಂಬಿವಲಿಯಲ್ಲಿ ಹಳೆಯ ಫೋಟೊ ಸ್ಟುಡಿಯೊಗಳವರು, ಮದುವೆ ವಿಡಿಯೊದವರು ಈ ಕೆಲಸ ಮಾಡಿಕೊಡುತ್ತಾರೆ. ಹೋಗಿ ಮೊದಲು ಕೇಳಬೇಕಾದದ್ದು ದರವಲ್ಲ; ಯಂತ್ರ ನಿಮ್ಮ ಹತ್ತಿರವೇ ಇದೆಯೋ, ಕ್ಯಾಸೆಟ್ಟು ಬೇರೆ ಕಡೆಗೆ ಕಳಿಸುತ್ತೀರೋ ಎಂದು. ಇಲ್ಲೇ ಇದೆ ಎಂದರೆ ತೋರಿಸಿ ಎನ್ನು. ಎಲ್ಲವನ್ನೂ ಒಟ್ಟಿಗೆ ಕೊಡಬೇಡ, ಹೋದರೂ ಚಿಂತೆಯಿಲ್ಲ ಎನ್ನುವ ಒಂದನ್ನು ಮೊದಲು ಕೊಟ್ಟು ನೋಡು. ಪೆನ್‌ಡ್ರೈವಿನಲ್ಲಿ ಫೈಲು ಕೊಡಿ ಎನ್ನು. ಡಿ.ವಿ.ಡಿ. ಬರೆದು ಕೊಡುತ್ತೇನೆ ಎಂದರೆ ಬೇಡ, ಬರೆದ ಡಿ.ವಿ.ಡಿ.ಯ ಬಣ್ಣ ಹೋದರೆ ಮತ್ತೆ ಇದೇ ಪಾಡು. ಚಿತ್ರವನ್ನು ಅಗಲಕ್ಕೆ ಎಳೆಯಬೇಡಿ, ಹಳೆಯ ಟಿ.ವಿ.ಯ ನಾಲ್ಕಕ್ಕೆ ಮೂರರ ಅಳತೆಯಲ್ಲೇ ಇರಲಿ ಎಂದು ಒತ್ತಿ ಹೇಳು. ಇಲ್ಲವಾದರೆ ಮದುವೆ ಮಂಟಪದಲ್ಲಿ ಭಾವ ಇದ್ದದ್ದಕ್ಕಿಂತ ದಪ್ಪ ಕಾಣುತ್ತಾರೆ, ಅಕ್ಕ ನಿನ್ನನ್ನು ಬಿಡುವುದಿಲ್ಲ. ಹಿಂತಿರುಗಿ ಬಂದ ಮೂಲ ಕ್ಯಾಸೆಟ್ಟನ್ನು ಎಸೆಯಬಾರದು. ಫೈಲಿನ ಒಂದು ಪ್ರತಿ ನಿನ್ನ ಹತ್ತಿರ, ಒಂದು ತಂಗಿಯ ಹತ್ತಿರ ಇರಲಿ.

ಪೆಟ್ಟಿಗೆಯಲ್ಲಿ ಮಿಚಿಗನ್ನಿನ ಚಿಕ್ಕಪ್ಪ ಕಳಿಸಿದ ಕ್ಯಾಸೆಟ್ಟೊಂದು ಇರಬೇಕು. ಅದನ್ನು ಹಾಕಿದರೆ ಚಿತ್ರ ಉರುಳುತ್ತದೆ, ಇಲ್ಲವೇ ಬಣ್ಣ ಬರುವುದಿಲ್ಲ. ಹಾಳಾಗಿದೆ ಎಂದು ತಿಳಿಯಬೇಡ. ಅವರದು ಎನ್.ಟಿ.ಎಸ್.ಸಿ., 525 ಗೆರೆ. ನಮ್ಮದು ಪಾಲ್, 625 ಗೆರೆ. ಎರಡೂ ಓದುವ ಮಲ್ಟಿಸಿಸ್ಟಮ್ ಯಂತ್ರ ಇದ್ದವರಿಗೇ ಕೊಡಬೇಕು.

ಸಿ.ಡಿ. ರಾಶಿಗೆ ಯಂತ್ರದ ಮಾತೇ ಬೇಡ. ಲ್ಯಾಪ್‌ಟಾಪಿಗೆ ಹೊರಗಿಂದ ಸಿಕ್ಕಿಸುವ ಡಿ.ವಿ.ಡಿ. ಡ್ರೈವ್ ಸಾಕು. ವಿ.ಸಿ.ಡಿ. ತೆರೆದರೆ ಎಂಪೆಗ್-ಎ.ವಿ. ಎಂಬ ಫೋಲ್ಡರು ಕಾಣುತ್ತದೆ, ಅದರೊಳಗೆ ಡ್ಯಾಟ್ ಎಂದು ಕೊನೆಯಾಗುವ ದೊಡ್ಡ ಫೈಲು. ಅದನ್ನು ನಕಲಿಸಿಕೊಂಡು ವಿ.ಎಲ್.ಸಿ.ಯಲ್ಲಿ ಹಾಕಿದರೆ ಓಡುತ್ತದೆ. ಟಿ.ವಿ.ಗೇ ಹಾಕಿ ನೋಡಬೇಕು ಎಂದು ಅಕ್ಕ ಹಠ ಹಿಡಿದರೆ ಸಾದಾ ಡಿ.ವಿ.ಡಿ. ಪ್ಲೇಯರು ತಾ. ಪ್ಲೇಸ್ಟೇಷನ್ ಇದೆಯಲ್ಲ ಎನ್ನಬೇಡ, ಅದು ವಿ.ಸಿ.ಡಿ. ಓದುವುದಿಲ್ಲ, ಬ್ಲೂ-ರೇ ಯಂತ್ರಗಳಲ್ಲೂ ಎಷ್ಟೋ ಓದುವುದಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ವಿ.ಸಿ.ಆರ್. ಇರಲಿ ಎಂದು ಆಸೆಯಾದರೆ ಒಂದನ್ನು ತೆಗೆದುಕೋ, ಬೇಡ ಎನ್ನುವುದಿಲ್ಲ. ಆನ್‌ಲೈನಿನಲ್ಲಿ ಫೋಟೊ ನೋಡಿ ದುಡ್ಡು ಕಳಿಸಬೇಡ. ಲ್ಯಾಮಿಂಗ್ಟನ್ ರೋಡಿಗೋ ಉಲ್ಲಾಸನಗರಕ್ಕೋ ಹೋಗಿ, ಬೇಡದ ಸಿನಿಮಾ ಕ್ಯಾಸೆಟ್ಟು ಒಂದನ್ನು ಜೊತೆಗೆ ಒಯ್ದು, ಮುಂದಕ್ಕೆ ಹಿಂದಕ್ಕೆ ಸುತ್ತಿಸಿ, ಇಪ್ಪತ್ತು ನಿಮಿಷ ಓಡಿಸಿ, ಟೇಪು ಹೊರಗೆ ಬಂದಾಗ ಅಂಚು ಮಡಿಸಿದೆಯೇ ನೋಡು. ಮನೆಯ ಕ್ಯಾಸೆಟ್ಟು ಹಾಕುವ ಮೊದಲು ಅದರ ಬೆನ್ನಿನ ಮೂಲೆಯಲ್ಲಿರುವ ಸಣ್ಣ ಪ್ಲಾಸ್ಟಿಕ್ ತುಣುಕನ್ನು ಮುರಿದುಹಾಕು; ಅದಿದ್ದರೆ ಯಾರಾದರೂ ರೆಕಾರ್ಡ್ ಗುಂಡಿ ಒತ್ತಿ ಮದುವೆಯ ಮೇಲೆ ಇನ್ನೇನಾದರೂ ಬರೆದುಬಿಡಬಹುದು.

ಜೂನ್ ಮಳೆ ಹಿಡಿಯುವುದರೊಳಗೆ ಇದನ್ನು ಮುಗಿಸು. ನನ್ನ ಹತ್ತಿರ ಮಲ್ಟಿಸಿಸ್ಟಮ್ ವಿ.ಸಿ.ಆರ್. ಒಂದಿದೆ, ಇನ್ನೂ ಓಡುತ್ತದೆ. ಪೆಟ್ಟಿಗೆಯನ್ನು ಹಾಗೆಯೇ ಡೊಂಬಿವಲಿಗೆ ತಾ, ಯಾವುದು ಬೇಕು ಯಾವುದು ಬೇಡ ಎಂದು ಅಕ್ಕನನ್ನು ಕೂರಿಸಿಕೊಂಡು ನೋಡೋಣ. ಭಾನುವಾರ ಮೆಗಾ ಬ್ಲಾಕ್ ಇರುತ್ತದೆ, ಶನಿವಾರವೇ ಬಾ.